ಮರ ಹತ್ತಿಸಿದ ಮಾತ್ರೆ: ಟ್ರಮಡಾಲ್‌ಗೆ ಸಿಕ್ಕಿಬಿದ್ದ ಕೊನೆಗಾರರೊಬ್ಬರ ಪ್ರಕರಣ

ಮಲೆನಾಡಿನ ತಾಲ್ಲೂಕೊಂದರಿಂದ ಆಂಬುಲೆನ್ಸಿನಲ್ಲಿ ಬಂದವರು, ವಯಸ್ಸು 41. ತುರ್ತು ವಿಭಾಗದವರು ಕೇಸ್ ಶೀಟಿನಲ್ಲಿ ಬರೆದದ್ದು ಇಷ್ಟು: ಜೀವಮಾನದಲ್ಲಿ ಮೊದಲ ಸಲ ಫಿಟ್ಸ್, ಒಂದೇ ದಿನ ಎರಡು ಬಾರಿ, ನಡುವೆ ಪ್ರಜ್ಞೆ ಮರಳಿದೆ. ಸಿ.ಟಿ. ಸ್ಕ್ಯಾನಿನಲ್ಲಿ ತೊಂದರೆ ಕಾಣಲಿಲ್ಲ. ರಕ್ತದ ಸಕ್ಕರೆ, ಸೋಡಿಯಂ, ಕ್ಯಾಲ್ಸಿಯಂ ಎಲ್ಲ ಮಾಮೂಲು. ಜ್ವರವಿಲ್ಲ. ಕುಡಿಯುತ್ತಾರಾ ಎಂದು ಕೇಳಿದ್ದಕ್ಕೆ, ಹಬ್ಬಕ್ಕೋ ಮದುವೆಗೋ ಒಂದಿಷ್ಟು, ಅದೂ ಈಚೆಗೆ ಇಲ್ಲ ಎಂದು ಹೆಂಡತಿಯ ಉತ್ತರ. ಅಪಸ್ಮಾರವೆಂದು ಫಿಟ್ಸ್ ತಡೆಯುವ ಲೆವೆಟಿರಾಸಿಟಾಮ್ ಶುರುಮಾಡಿ ವಾರ್ಡಿಗೆ ಕಳಿಸಿದ್ದರು.

ನಮ್ಮ ಮನೋವೈದ್ಯ ವಿಭಾಗಕ್ಕೆ ಕರೆ ಬಂದದ್ದು ಮರುದಿನ ಸಂಜೆ. ರೋಗಿ ಮಂಚದ ಮೇಲೆ ನಿಲ್ಲುತ್ತಿಲ್ಲ, ಬೆವರುತ್ತಿದ್ದಾರೆ, ಎಷ್ಟೇ ಇಲ್ಲವೆಂದರೂ ಕುಡಿತ ಬಿಟ್ಟದ್ದರ ಪರಿಣಾಮವೇ ಇರಬೇಕು ಎಂಬುದು ವಾರ್ಡಿನ ಅನುಮಾನ. ಹೋಗಿ ನೋಡಿದರೆ ಕೈ ನಡುಕಕ್ಕಿಂತ ಎದ್ದು ಕಾಣುತ್ತಿದ್ದದ್ದು ಬೇರೆ. ಒಂದರ ಹಿಂದೊಂದು ಆಕಳಿಕೆ, ನೆಗಡಿ ಬಂದವರಂತೆ ಸುರಿಯುವ ಮೂಗು, ಅಗಲವಾದ ಕಣ್ಣುಪಾಪೆ, ತೋಳಿನ ತುಂಬ ನವಿರೆದ್ದ ರೋಮ. ಮಧ್ಯಾಹ್ನದಿಂದ ಐದಾರು ಸಲ ಭೇದಿ. ಇದು ಮದ್ಯದ ಚಿತ್ರವಲ್ಲ, ಅಫೀಮಿನ ಕುಲದ ಯಾವುದೋ ಮದ್ದು ನಿಂತುಹೋದ ದೇಹದ ಚಿತ್ರ. ಮೂತ್ರದ ಸ್ಟ್ರಿಪ್ ಪರೀಕ್ಷೆ ಮಾಡಿದ್ದೇವೆ, ಓಪಿಯೇಟ್ ನೆಗೆಟಿವ್ ಬಂದಿದೆಯಲ್ಲ ಎಂದು ಡ್ಯೂಟಿ ಡಾಕ್ಟರ್ ಹೇಳಿದರು. ಆ ಸ್ಟ್ರಿಪ್ ಗುರುತಿಸುವುದು ಮಾರ್ಫಿನ್, ಹೆರಾಯಿನ್, ಕೋಡೀನ್ ಕುಟುಂಬವನ್ನು. ಕಾರ್ಖಾನೆಯಲ್ಲಿ ಹುಟ್ಟಿದ ಅದೇ ಕುಲದ ನೋವುಮದ್ದುಗಳಾದ ಟ್ರಮಡಾಲ್, ಟ್ಯಾಪೆಂಟಡಾಲ್ ಅದರ ಕಣ್ಣಿಗೆ ಬೀಳುವುದಿಲ್ಲ. ಅವಕ್ಕೆ ಬೇರೆಯದೇ ಪರೀಕ್ಷೆ ಬೇಕು.

ಹೆಂಡತಿಯನ್ನು ಪಕ್ಕಕ್ಕೆ ಕರೆದು ನೋವಿನ ಮಾತ್ರೆ ಏನಾದರೂ ತಗೊಳ್ತಾರಾ ಎಂದು ಕೇಳಿದೆ. ಅವರು ಮಾತಾಡದೆ ಚೀಲದಿಂದ ಪೇಪರಿನಲ್ಲಿ ಸುತ್ತಿದ ಖಾಲಿ ಸ್ಟ್ರಿಪ್ಪುಗಳ ಕಟ್ಟು ತೆಗೆದುಕೊಟ್ಟರು. ಡಾಕ್ಟರು ಕೇಳಿದರೆ ತೋರಿಸುವುದೆಂದೇ ತಂದಿದ್ದರಂತೆ. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

ಇಲ್ಲೊಂದು ಮಾತು. ಗುರುತು ಸಿಗದಿರಲೆಂದು ವಯಸ್ಸು, ಊರು, ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಕೆಲವು ಘಟನೆಗಳು ಇದೇ ಬಗೆಯ ಬೇರೆ ರೋಗಿಗಳ ಬದುಕಿನಿಂದ ಬಂದಿವೆ. ಒಬ್ಬರ ಜೀವನಚರಿತ್ರೆಯೆಂದಲ್ಲ, ಹಲವರಿಂದ ಕಟ್ಟಿದ ಮಾದರಿ ಪ್ರಕರಣವೆಂದು ಓದಿಕೊಳ್ಳಿ. ಇವರ ಕಸುಬು ಅಡಿಕೆ ಮರ ಹತ್ತಿ ಕೊನೆ ಇಳಿಸುವುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು. ಹಾಗಾಗಿ ಕೊನೆಗಾರರು ಎಂದೇ ಕರೆಯುತ್ತೇನೆ.

ಹನ್ನೊಂದನೇ ದಿನ

ಅವರು ಮರದಿಂದ ಬಿದ್ದದ್ದು ಇದಕ್ಕೆ ಮೂರು ವರ್ಷ ಮೊದಲು. ಆಟಿಯ ಮಳೆ, ಹಾವಸೆ ಕಟ್ಟಿದ ಮರ, ಬೋರ್ಡೋ ಹೊಡೆದು ಇಳಿಯುವಾಗ ಕಾಲು ಜಾರಿತು. ಸೊಂಟದ ಮೊದಲನೇ ಮೂಳೆ ಮುಂಭಾಗದಲ್ಲಿ ಕುಸಿದಿತ್ತು. ನರಕ್ಕೆ ಪೆಟ್ಟಾಗಿರಲಿಲ್ಲ, ಆಪರೇಷನ್ ಬೇಕಾಗಲಿಲ್ಲ. ಬೆಲ್ಟ್ ಕಟ್ಟಿಕೊಂಡು ಮಲಗಿರಬೇಕು, ಭಾರ ಎತ್ತಬಾರದು ಎಂದರು. ಜೊತೆಗೆ 37.5 ಮಿಲಿಗ್ರಾಂ ಟ್ರಮಡಾಲ್ ಮತ್ತು 325 ಮಿಲಿಗ್ರಾಂ ಪ್ಯಾರಸಿಟಮಾಲ್ ಸೇರಿದ ಮಾತ್ರೆ, ದಿನಕ್ಕೆ ಮೂರು, ಹತ್ತು ದಿನಕ್ಕೆ.

ಚೀಟಿ ಬರೆದ ವೈದ್ಯರ ಮೇಲೆ ಗೂಬೆ ಕೂರಿಸುವ ಉದ್ದೇಶ ನನಗಿಲ್ಲ. ಮುರಿದ ಬೆನ್ನುಮೂಳೆಗೆ ಗಟ್ಟಿ ನೋವುಮದ್ದು ಕೊಡುವುದು ಸರಿಯೇ. ಕೊಡದೆ ನರಳಿಸುವುದೂ ಕೆಟ್ಟ ವೈದ್ಯವೇ. ಮದ್ದಿನ ಅವಧಿಯನ್ನೂ ಚೀಟಿಯಲ್ಲಿ ಬರೆದಿದ್ದರು. ಆದರೆ ಹನ್ನೊಂದನೇ ದಿನ ನೋವು ಉಳಿದಿದ್ದರೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಕೊನೆಗಾರರು ಹಳೆಯ ಚೀಟಿ ಹಿಡಿದು ಪೇಟೆಯ ಮೆಡಿಕಲ್‌ಗೆ ಹೋದರು. ನಾಲ್ಕನೇ ಸಲಕ್ಕೆ ಚೀಟಿಯೂ ಬೇಕಾಗಲಿಲ್ಲ, ಅಂಗಡಿಯವನಿಗೆ ಮುಖ ನೋಡಿದರೆ ಸಾಕಾಗಿತ್ತು.

ಕಾನೂನು ಹೇಳುವುದೇ ಬೇರೆ. ಟ್ರಮಡಾಲ್ ಎಚ್1 ಪಟ್ಟಿಯ ಮದ್ದು. ಚೀಟಿಯಿಲ್ಲದೆ ಕೊಡುವಂತಿಲ್ಲ, ಕೊಟ್ಟರೆ ಬರೆದ ವೈದ್ಯರು, ರೋಗಿ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ದಾಖಲಿಸಿ ಮೂರು ವರ್ಷ ಇಟ್ಟುಕೊಳ್ಳಬೇಕು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇದನ್ನು ಮಾದಕ ವಸ್ತುಗಳ ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ ಕೆಳಗೂ ತಂದಿತು. ಅಷ್ಟಾದರೂ ಸಣ್ಣ ಪೇಟೆಯಲ್ಲಿ ಮುಖಪರಿಚಯ ರಿಜಿಸ್ಟರಿಗಿಂತ ದೊಡ್ಡದು.

ಮೂರು ತಿಂಗಳಿಗೆ ಅವರು ಮತ್ತೆ ಮರ ಹತ್ತಿದರು. ಸೀಸನ್ನಿಗೆ ಮೊದಲೇ ತೋಟದ ಯಜಮಾನರಿಂದ ಮುಂಗಡ ತಂದು ಖರ್ಚಾಗಿತ್ತು. ಹತ್ತದೆ ದಾರಿಯಿರಲಿಲ್ಲ. ಆಗ ಮಾತ್ರೆಯ ಇನ್ನೊಂದು ಗುಣ ಗೊತ್ತಾಯಿತು. "ನೋವು ಹೋಗೋದು ಒಂದೇ ಅಲ್ಲ ಮಾರಾಯ್ರೇ. ಎರಡು ನುಂಗಿದ್ರೆ ಮನಸ್ಸು ಹಗುರ, ಸುಸ್ತೇ ಇಲ್ಲ. ಮರ ಅದೇ ಹತ್ತಿಸ್ತಿತ್ತು." ಇದು ಬರೀ ಭ್ರಮೆಯಲ್ಲ. ಟ್ರಮಡಾಲ್ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಪಿತ್ತಜನಕಾಂಗದಲ್ಲಿ ರೂಪ ಬದಲಿಸಿಕೊಂಡು ಮಾರ್ಫಿನ್ ಕೂರುವ ಜಾಗದಲ್ಲಿ ಕೂರುವುದು ಒಂದು. ಮಿದುಳಿನ ಸಿರೊಟೋನಿನ್, ನಾರ್‌ಅಡ್ರಿನಲಿನ್‌ಗಳನ್ನು ಹೆಚ್ಚಿಸುವುದು ಇನ್ನೊಂದು. ಈ ಎರಡನೆಯದು ಖಿನ್ನತೆಯ ಮದ್ದುಗಳು ಮಾಡುವ ಕೆಲಸ. 1977ರಲ್ಲಿ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂದಾಗಿನಿಂದ ಇದು ಸೌಮ್ಯ, ಅಷ್ಟಾಗಿ ಚಟ ಹಿಡಿಸದು ಎಂಬ ಹೆಸರು ಪಡೆದಿತ್ತು. ಮೈಮುರಿದು ದುಡಿಯುವವರ ಕೈಗೆ ಸಿಕ್ಕಾಗ ಆ ಹೆಸರು ಉಳಿಯಲಿಲ್ಲ.

ದಿನಕ್ಕೆ ಮೂರು ಇದ್ದದ್ದು ಆರಾಯಿತು, ಹತ್ತಾಯಿತು. ಫಿಟ್ಸ್ ಬರುವ ಹೊತ್ತಿಗೆ ಹದಿನಾರು. ಲೆಕ್ಕ ಹಾಕಿ: 600 ಮಿಲಿಗ್ರಾಂ ಟ್ರಮಡಾಲ್, 5200 ಮಿಲಿಗ್ರಾಂ ಪ್ಯಾರಸಿಟಮಾಲ್. ಟ್ರಮಡಾಲಿನ ದಿನದ ಮಿತಿ 400, ದೊಡ್ಡವರಿಗೆ ಪ್ಯಾರಸಿಟಮಾಲಿನ ಮಿತಿ 4000. ಮಿತಿ ದಾಟಿದರೆ ಟ್ರಮಡಾಲ್ ಫಿಟ್ಸ್ ತರಬಲ್ಲದು. ಕೆಲವರಿಗೆ ಮಿತಿಯೊಳಗೂ ತರುತ್ತದೆ. ಇವರ ವಿಷಯದಲ್ಲಿ ಇನ್ನೊಂದು ಎಳೆ ಸೇರಿತ್ತು. ವಾರದ ಹಿಂದೆ, ನಿದ್ದೆಯಿಲ್ಲ, ಬೇಸರ ಎಂದು ಬೇರೊಬ್ಬ ವೈದ್ಯರ ಹತ್ತಿರ ಹೋಗಿ ಖಿನ್ನತೆಯ ಮದ್ದಾದ ಎಸಿಟಲೋಪ್ರಾಮ್ ಬರೆಸಿಕೊಂಡು ಬಂದಿದ್ದರು. ಟ್ರಮಡಾಲಿನ ಜೊತೆ ಅದು ಸೇರಿದರೆ ಅಪಾಯ ಏರುತ್ತದೆ. ಹದಿನಾರು ಮಾತ್ರೆಯ ಸಂಗತಿಯನ್ನು ಇವರು ಆ ವೈದ್ಯರಿಗೆ ಹೇಳಿರಲಿಲ್ಲ. ಫಿಟ್ಸ್ ಬಂದದ್ದು ಅಂಗಳದಲ್ಲಿ. ಮರದ ತುದಿಯಲ್ಲಿ ಬಂದಿದ್ದರೆ ಈ ಪ್ರಕರಣ ಬರೆಯುವ ಸಂದರ್ಭವೇ ಇರುತ್ತಿರಲಿಲ್ಲ.

ಪಿತ್ತಜನಕಾಂಗಕ್ಕೆ ಪೆಟ್ಟಾದುದನ್ನು ತೋರಿಸುವ ರಕ್ತಪರೀಕ್ಷೆ ಎಸ್‌ಜಿಪಿಟಿ ಮೂರು ಪಟ್ಟು ಏರಿತ್ತು. ಅದು ಪ್ಯಾರಸಿಟಮಾಲಿನ ಕೆಲಸವೆಂದುಕೊಂಡೆವು. ಹೆಪಟೈಟಿಸ್, ಎಚ್‌ಐವಿ ಪರೀಕ್ಷೆಗಳು ನೆಗೆಟಿವ್. ಸೂಜಿ ಚುಚ್ಚಿಕೊಂಡ ಇತಿಹಾಸ ಇಲ್ಲ.

ರೋಗ ಯಾವುದು

ವೈದ್ಯರು ಬರೆದ ಮದ್ದನ್ನು ಹೇಳಿದಷ್ಟೇ ತೆಗೆದುಕೊಳ್ಳುತ್ತಿದ್ದವರಿಗೂ ಕೆಲವು ವಾರಗಳಲ್ಲಿ ದೇಹ ಒಗ್ಗಿಹೋಗುತ್ತದೆ. ನಿಲ್ಲಿಸಿದರೆ ಮೈಕೈ ನೋವು, ಬೆವರು ಬರುತ್ತದೆ. ಅಷ್ಟಕ್ಕೇ ಅದನ್ನು ವ್ಯಸನ ಎನ್ನುವಂತಿಲ್ಲ. ರೋಗನಿರ್ಣಯದ ಮಾನದಂಡದಲ್ಲೂ ಇದನ್ನು ಸ್ಪಷ್ಟವಾಗಿ ಬಿಟ್ಟಿದ್ದಾರೆ: ವೈದ್ಯರ ನಿಗಾದಲ್ಲಿ ಸರಿಯಾಗಿ ತೆಗೆದುಕೊಳ್ಳುವವರಲ್ಲಿ ಸಹಿಷ್ಣುತೆ (ಅದೇ ಪರಿಣಾಮಕ್ಕೆ ಹೆಚ್ಚು ಮದ್ದು ಬೇಕಾಗುವುದು) ಮತ್ತು ಹಿಂತೆಗೆತ (ಮದ್ದು ನಿಂತಾಗ ಬರುವ ಸಂಕಟ) ಎಣಿಕೆಗೆ ಬಾರವು. ಉಳಿದ ಲಕ್ಷಣಗಳನ್ನು ನೋಡಬೇಕು. ಕೊನೆಗಾರರಲ್ಲಿ ಅವು ಬೇಕಾದಷ್ಟಿದ್ದವು. ಬೆಳಿಗ್ಗೆ ಎದ್ದೊಡನೆ ಸ್ಟ್ರಿಪ್ ಎಣಿಸುವುದು, ಎರಡು ಮೆಡಿಕಲ್ ಶಾಪು ಮತ್ತು ಬೈಕಿನಲ್ಲಿ ತಂದುಕೊಡುವ ಒಬ್ಬ ಹುಡುಗ ಎಂದು ಪೂರೈಕೆಯ ವ್ಯವಸ್ಥೆ, ಮಗಳ ಶಾಲೆಯ ಕಾರ್ಯಕ್ರಮಕ್ಕೆ ಹೊರಟವರು ಮಾತ್ರೆ ಹುಡುಕುತ್ತ ಪೇಟೆಯಲ್ಲೇ ಉಳಿದದ್ದು, ಕಡಿಮೆ ಮಾಡುತ್ತೇನೆಂದು ದೇವರ ಮುಂದೆ ಆಣೆಯಿಟ್ಟು ಮೂರನೇ ದಿನಕ್ಕೆ ಮುರಿದದ್ದು. ತೀವ್ರ ಸ್ವರೂಪದ ಓಪಿಯಾಯ್ಡ್ (ಅಫೀಮಿನ ಕುಲದ ಮದ್ದು) ವ್ಯಸನ ಎಂದು ಬರೆದೆವು. ಜೊತೆಗೆ ಹಳೆಯ ಮೂಳೆಮುರಿತದ ದೀರ್ಘಕಾಲದ ನೋವು. ಈ ಎರಡನೇ ಸಾಲು ಮೊದಲನೆಯದರಷ್ಟೇ ಮುಖ್ಯ.

ಇಂಥವರು ಅಪರೂಪವೇನಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ಜನರಲ್ಲಿ ಶೇ. 1.14 ಮಂದಿ ಹೆರಾಯಿನ್ ಬಳಸಿದರೆ, ಶೇ. 0.96 ಮಂದಿ ಔಷಧಿರೂಪದ ಓಪಿಯಾಯ್ಡ್ ಬಳಸುತ್ತಾರೆ. ಅಂತರ ಅಷ್ಟೇ. ಆದರೆ ಚಟ ಎಂದಾಕ್ಷಣ ನಮ್ಮ ಕಣ್ಣಿಗೆ ಬರುವುದು ಪಂಜಾಬಿನ ಹುಡುಗ, ಬೆಂಗಳೂರಿನ ಪಾರ್ಟಿ. ಪಕ್ಕದ ಮನೆಯ ಬೆನ್ನುನೋವು ಬರುವುದಿಲ್ಲ.

ಮೊದಲ ಸಲ ಯಾಕೆ ಕೈಕೊಟ್ಟಿತು

ಫಿಟ್ಸ್‌ಗೆ ಒಂದು ವರ್ಷ ಮೊದಲು ಭಾವ ಮತ್ತು ಮೈದುನಂದಿರು ಸೇರಿ ಇವರನ್ನು ಬೇರೆ ಜಿಲ್ಲೆಯ ಖಾಸಗಿ ಚಟ ಬಿಡಿಸುವ ಕೇಂದ್ರವೊಂದಕ್ಕೆ ಬಿಟ್ಟುಬಂದಿದ್ದರು. ದೇವಸ್ಥಾನಕ್ಕೆ ಹೋಗೋಣ ಎಂದು ಜೀಪು ಹತ್ತಿಸಿದ್ದರಂತೆ. ಒಳಗೆ ಹೋದಮೇಲೆ ಫೋನು ಕಿತ್ತುಕೊಂಡು ಬಾಗಿಲು ಹಾಕಿದರು. ಮದ್ದೇನೂ ಕೊಡಲಿಲ್ಲ. ನಾಲ್ಕೈದು ದಿನ ನೆಲದ ಮೇಲೆ ಹೊರಳಾಡಿದ್ದು, ಚರ್ಮದ ಕೆಳಗೆ ಇರುವೆ ಹರಿದಂತಾಗಿ ಯಾರೋ ಕೊಲ್ಲಲು ಬಂದಿದ್ದಾರೆಂದು ಕೂಗಿದ್ದು ನೆನಪಿದೆ. ಟ್ರಮಡಾಲ್ ಬಿಟ್ಟಾಗ ಕೆಲವರಿಗೆ ಹೀಗೆ ವಿಪರೀತ ಗಾಬರಿ, ಜೋಮು, ಇಲ್ಲದ್ದು ಕಾಣುವುದು ಆಗುತ್ತದೆ. ಬೆಳಿಗ್ಗೆ ಪ್ರಾರ್ಥನೆ, ಸಂಜೆ ಉಪನ್ಯಾಸ. ಬೆನ್ನುನೋವು ಎಂದರೆ ನಾಟಕ ಎಂಬ ಉತ್ತರ.

ತಿಂಗಳು ಕಳೆದು ಮನೆಗೆ ಬಂದರು. ಎರಡು ವಾರ ಸರಿಯಿದ್ದರು. ಮತ್ತೆ ತೋಟ, ಮತ್ತೆ ಸೊಂಟ, ಮತ್ತೆ ಮೆಡಿಕಲ್. ಮೊದಲ ದಿನವೇ ಹಿಂದಿನಷ್ಟೇ, ಹತ್ತು ಮಾತ್ರೆ ನುಂಗಿದರು. ಒಂದು ದಿನ ಪೂರ್ತಿ ಎಬ್ಬಿಸಿದರೂ ಏಳಲಿಲ್ಲ. ಮನೆಯವರು ಸುಸ್ತಾಗಿ ಮಲಗಿದ್ದಾರೆಂದುಕೊಂಡರು. ಚಟ ಬಿಡಿಸಿದ ಮೇಲಿನ ಮೊದಲ ವಾರಗಳೇ ಅತ್ಯಂತ ಅಪಾಯದ ಕಾಲ, ಏಕೆಂದರೆ ದೇಹ ಆ ಪ್ರಮಾಣ ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ, ಕೈಗೆ ಮಾತ್ರ ಹಳೆಯ ಲೆಕ್ಕ ನೆನಪಿರುತ್ತದೆ. ಉಸಿರು ನಿಲ್ಲುವ ಸಾವುಗಳು ಹೆಚ್ಚಾಗಿ ಇಲ್ಲೇ ಆಗುವುದು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದಾಗುವ ಸ್ಥಿತಿಗಳೂ ಸೇರಿವೆ. ದಾಖಲಾಗುವವರ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವರಿಲ್ಲದಿದ್ದರೆ ಅದಕ್ಕೂ ಕ್ರಮ, ಕಾಲಮಿತಿ, ಪರಿಶೀಲನೆ ಇವೆ. ನೋಂದಣಿಯಿಲ್ಲದ ಮನೆಯಲ್ಲಿ ಬೀಗ ಹಾಕಿ ಕೂರಿಸುವುದಕ್ಕೆ ಯಾವ ಆಧಾರವೂ ಇಲ್ಲ. ಕುಟುಂಬದವರು ಹತಾಶೆಯಿಂದ ಮಾಡುತ್ತಾರೆ, ನನಗೆ ಅದು ಅರ್ಥವಾಗುತ್ತದೆ. ಆದರೆ ಅದರಿಂದ ಇವರು ಕಲಿತದ್ದು ಒಂದೇ: ಆಸ್ಪತ್ರೆಯವರಿಗೆ ನಿಜ ಹೇಳಿದರೆ ಮತ್ತೆ ಬೀಗ.

ಮುಂದಿದ್ದ ದಾರಿಗಳು

ವಾರ್ಡಿನಲ್ಲಿ ಮೂರನೇ ದಿನ ಕೂತು ಮಾತಾಡಿದೆವು. ಕೊನೆಗಾರರು, ಹೆಂಡತಿ, ಭಾವ, ಸಮಾಜಕಾರ್ಯಕರ್ತೆ, ನಾನು. ಭಾವನಿಗೆ ಬೇಕಿದ್ದದ್ದು ಹತ್ತು ದಿನದಲ್ಲಿ ಮದ್ದು ಬಿಡಿಸಿ ಕಳಿಸುವುದು.

ಟ್ರಮಡಾಲನ್ನೇ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಹೋಗುವುದು ಒಂದು ದಾರಿ. ವೈದ್ಯರ ಚೀಟಿಯಲ್ಲೇ ಉಳಿದು, ದಿನಕ್ಕೆ ನಾಲ್ಕೈದು ಮಾತ್ರೆಯಲ್ಲಿ ಇರುವವರಿಗೆ, ಮಾತ್ರೆ ಇನ್ನೊಬ್ಬರ ಕೈಯಲ್ಲಿದ್ದರೆ, ವಾರಗಟ್ಟಲೆ ನಿಧಾನ ಮಾಡಿದರೆ ಇದು ಚೆನ್ನಾಗಿಯೇ ಆಗುತ್ತದೆ. ಹದಿನಾರರಲ್ಲಿದ್ದು ಎರಡು ಸಲ ಫಿಟ್ಸ್ ಬಂದವರಿಗೆ ಅದೇ ಮದ್ದನ್ನು ಮುಂದುವರಿಸುವ ಧೈರ್ಯ ನಮಗಾಗಲಿಲ್ಲ.

ಹಿಂತೆಗೆತದ ಬೆವರು, ಚಡಪಡಿಕೆಗೆ ಕ್ಲೋನಿಡಿನ್, ಭೇದಿಗೆ ಲೋಪೆರಮೈಡ್, ನಿದ್ದೆಗೆ ಏನಾದರೂ ಕೊಟ್ಟು ವಾರ ದಾಟಿಸಿ, ಆಮೇಲೆ ನಾಲ್ಟ್ರೆಕ್ಸೋನ್ ಶುರುಮಾಡುವುದು ಎರಡನೆಯದು. ನಾಲ್ಟ್ರೆಕ್ಸೋನ್ ಓಪಿಯಾಯ್ಡ್ ಕೂರುವ ಜಾಗವನ್ನು ಮುಚ್ಚಿಬಿಡುತ್ತದೆ. ಮೇಲೆ ಟ್ರಮಡಾಲ್ ನುಂಗಿದರೂ ಅಮಲು ಬರದು. ಅದಕ್ಕೆ ಚಟವೂ ಹಿಡಿಯದು. ಭಾವನಿಗೆ ಇದು ಬಹಳ ಹಿಡಿಸಿತು. ಆದರೆ ಶುರುಮಾಡುವ ಮೊದಲು ವಾರ ಹತ್ತು ದಿನ ಏನೂ ಇಲ್ಲದೆ ಇರಬೇಕು, ನೋವಿಗೆ ಇದರಿಂದ ಏನೂ ಉಪಕಾರವಿಲ್ಲ, ದಿನಾ ನುಂಗುವುದನ್ನು ಜನ ಬೇಗ ಬಿಟ್ಟುಬಿಡುತ್ತಾರೆ. ಬಿಟ್ಟಾಗ ಮತ್ತೆ ಮೊದಲು ಹೇಳಿದ ಅಪಾಯ. ಪಿತ್ತಜನಕಾಂಗವೂ ಬಳಲಿತ್ತು. ಕೆಲಸ ಕಳೆದುಕೊಳ್ಳುವ ಭಯವಿರುವ ನರ್ಸು, ವೈದ್ಯರಂಥವರಲ್ಲಿ, ಮನೆಯವರೊಬ್ಬರು ದಿನಾ ಕಣ್ಣೆದುರೇ ನುಂಗಿಸುವಲ್ಲಿ ಇದು ಫಲ ಕೊಟ್ಟದ್ದಿದೆ.

ಟ್ರಮಡಾಲಿನ ಬದಲಿಗೆ ದಿನಾ ಕೊಡುವ ಓಪಿಯಾಯ್ಡ್ ಮೆಥಡೋನ್ ಒಳ್ಳೆಯ ಮದ್ದು. ನಮ್ಮ ದೇಶದಲ್ಲಿ ಕೆಲವೇ ಕೇಂದ್ರಗಳಲ್ಲಿ ಸಿಗುತ್ತದೆ, ದಿನಾ ಹೋಗಿ ಕುಡಿದು ಬರಬೇಕು. ಮಲೆನಾಡಿನ ಹಳ್ಳಿಯಿಂದ ಅದು ಆಗದ ಮಾತು.

ಉಳಿದದ್ದು ಬ್ಯುಪ್ರೆನಾರ್ಫಿನ್, ನಾಲಕ್ಸೋನ್ ಸೇರಿದ ನಾಲಿಗೆಯ ಕೆಳಗಿನ ಮಾತ್ರೆ. ಇದೂ ಓಪಿಯಾಯ್ಡೇ, ಆದರೆ ಅರ್ಧ ಕೆಲಸ ಮಾಡುವಂಥದ್ದು. ಒಂದು ಮಟ್ಟದ ಮೇಲೆ ಪ್ರಮಾಣ ಏರಿಸಿದರೂ ಉಸಿರಾಟವನ್ನು ಅಷ್ಟಾಗಿ ಅದುಮುವುದಿಲ್ಲ. ಮದ್ಯವನ್ನೋ ನಿದ್ದೆ ಮಾತ್ರೆಯನ್ನೋ ಸೇರಿಸಿದರೆ ಮಾತ್ರ ಆ ರಕ್ಷಣೆ ಹೋಗುತ್ತದೆ. ಹಿಂತೆಗೆತದ ಸಂಕಟ ತಣಿಸುತ್ತದೆ, ಬಯಕೆ ಇಳಿಸುತ್ತದೆ, ಮೇಲೆ ಟ್ರಮಡಾಲ್ ಹಾಕಿದರೆ ಅದಕ್ಕೆ ಕೂರಲು ಜಾಗ ಕೊಡುವುದಿಲ್ಲ. ಜೊತೆಗಿರುವ ನಾಲಕ್ಸೋನ್ ನಾಲಿಗೆಯ ಕೆಳಗಿಟ್ಟಾಗ ಸುಮ್ಮನಿರುತ್ತದೆ, ಪುಡಿಮಾಡಿ ಚುಚ್ಚಿಕೊಂಡರೆ ಸಂಕಟ ಕೊಡುತ್ತದೆ. ಇವರಿಗೆ ಇನ್ನೊಂದು ಲಾಭವಿತ್ತು: ಬ್ಯುಪ್ರೆನಾರ್ಫಿನ್ ನೋವುಮದ್ದೂ ಹೌದು.

"ಅಂದ್ರೆ ಇದೂ ಮಾತ್ರೆಯೇ ಅಲ್ವಾ ಸಾರ್? ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸೋದು?" ಎಂದದ್ದು ಭಾವನಲ್ಲ, ಹೆಂಡತಿ.

ಈ ಪ್ರಶ್ನೆಯನ್ನು ತಳ್ಳಿಹಾಕಬಾರದು. ನಿಲ್ಲಿಸಿದರೆ ಇದರಿಂದಲೂ ಹಿಂತೆಗೆತ ಬರುತ್ತದೆ ಎಂದು ನೇರವಾಗಿ ಹೇಳಿದೆ. ಆಮೇಲೆ ಒಂದು ಅಧ್ಯಯನದ ಲೆಕ್ಕ ಹೇಳಿದೆ. ಅಮೆರಿಕದಲ್ಲಿ ಹೆರಾಯಿನ್ ಅಲ್ಲ, ಚೀಟಿಯ ನೋವುಮಾತ್ರೆಗಳಿಗೇ ಸಿಕ್ಕಿಬಿದ್ದ 653 ಜನರ ಮೇಲೆ ನಡೆಸಿದ್ದು, 2011ರಲ್ಲಿ ಪ್ರಕಟವಾದದ್ದು. ಕೆಲವೇ ವಾರ ಬ್ಯುಪ್ರೆನಾರ್ಫಿನ್ ಕೊಟ್ಟು ಇಳಿಸಿ ಬಿಟ್ಟಾಗ ಸರಿಯುಳಿದವರು ಶೇ. 6.6. ಉಳಿಯದವರಿಗೆ ಮತ್ತೆ 12 ವಾರ ಕೊಟ್ಟರು, ಮದ್ದಿನಲ್ಲಿರುವಾಗ ಶೇ. 49.2 ಮಂದಿ ಸರಿಯಿದ್ದರು. ಅದನ್ನೂ ಇಳಿಸಿ ನಿಲ್ಲಿಸಿ ಎಂಟು ವಾರಕ್ಕೆ ನೋಡಿದರೆ ಶೇ. 8.6. ಸ್ವೀಡನ್ನಿನಲ್ಲಿ ಹೆರಾಯಿನ್ ಬಳಸುತ್ತಿದ್ದ 40 ಜನರಲ್ಲಿ ಮಾಡಿದ ಇನ್ನೊಂದು ಅಧ್ಯಯನ ಇನ್ನೂ ಕಠೋರ. ಎಲ್ಲರಿಗೂ ಒಂದೇ ಬಗೆಯ ಆಪ್ತಸಮಾಲೋಚನೆ ಸಿಕ್ಕಿತ್ತು. ಒಂದು ವರ್ಷಕ್ಕೆ ಬ್ಯುಪ್ರೆನಾರ್ಫಿನ್ ಗುಂಪಿನ ಮುಕ್ಕಾಲು ಪಾಲು ಚಿಕಿತ್ಸೆಯಲ್ಲಿ ಉಳಿದಿದ್ದರು. ಆರು ದಿನದಲ್ಲಿ ಇಳಿಸಿ ಖಾಲಿ ಮಾತ್ರೆ ಕೊಟ್ಟ ಇಪ್ಪತ್ತರಲ್ಲಿ ಒಬ್ಬರೂ ಉಳಿಯಲಿಲ್ಲ, ನಾಲ್ವರು ಸತ್ತಿದ್ದರು.

"ದಿನಾ ಒಂದು ಹೊತ್ತಿಗೆ ಮದ್ದು ಇಟ್ಟುಕೊಂಡು ಉಳಿದ ಹೊತ್ತು ಅದರ ಯೋಚನೆಯಿಲ್ಲದೆ ಕೆಲಸ, ಊಟ, ಮಕ್ಕಳು ಎಂದಿದ್ದರೆ ಅದನ್ನು ನಾನು ಚಟ ಅನ್ನೋದಿಲ್ಲ," ಎಂದೆ. ಅವರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ನಾಲ್ಕು ಜನ ಸತ್ತರು ಎಂದದ್ದು ಮಾತ್ರ ಕೆಲಸ ಮಾಡಿತು. ಗಂಡ ಏಳದೆ ಮಲಗಿದ್ದ ಆ ದಿನ ಅವರಿಗೆ ಈಗ ಬೇರೆಯಾಗಿ ಕಂಡಿರಬೇಕು.

ಶುರುಮಾಡಿದ್ದು

ಬ್ಯುಪ್ರೆನಾರ್ಫಿನ್ ಶುರುಮಾಡುವಲ್ಲಿ ಒಂದು ಸೂಕ್ಷ್ಮವಿದೆ. ದೇಹದಲ್ಲಿ ಹಳೆಯ ಮದ್ದು ತುಂಬಿರುವಾಗ ಕೊಟ್ಟರೆ ಅದನ್ನು ಒಮ್ಮೆಲೇ ಕಿತ್ತುಹಾಕಿ, ಎರಡು ದಿನಕ್ಕೆ ಹಂಚಿ ಬರಬೇಕಾದ ಸಂಕಟವನ್ನು ಒಂದು ಗಂಟೆಯಲ್ಲಿ ತರುತ್ತದೆ. ಹಿಂತೆಗೆತ ಚೆನ್ನಾಗಿ ಕಾಣಿಸಿಕೊಳ್ಳುವವರೆಗೆ ಕಾಯಬೇಕು. ನೆಂಟರೊಬ್ಬರ ಹತ್ತಿರ ಇಸಿದುಕೊಂಡು ಮನೆಯಲ್ಲೇ ಪ್ರಯೋಗ ಮಾಡುವವರು ಎಡವುವುದು ಇಲ್ಲೇ. ಕೊನೆಗಾರರು ಅಷ್ಟರಲ್ಲಿ ಎರಡೂವರೆ ದಿನದಿಂದ ಟ್ರಮಡಾಲ್ ಮುಟ್ಟಿರಲಿಲ್ಲ, ಹಿಂತೆಗೆತ ಅಳೆಯುವ ಅಂಕಪಟ್ಟಿಯಲ್ಲಿ ಮಧ್ಯಮ ತೀವ್ರತೆ. 2 ಮಿಲಿಗ್ರಾಂ ನಾಲಿಗೆಯ ಕೆಳಗೆ ಇಟ್ಟು, ನುಂಗಬೇಡಿ, ಕರಗುವ ತನಕ ಮಾತಾಡಬೇಡಿ ಎಂದೆವು. ಎರಡು ಗಂಟೆ ಬಿಟ್ಟು ಇನ್ನೊಂದು. ರಾತ್ರಿ ಅನ್ನ ಸಾರು ತರಿಸಿಕೊಂಡು ಉಂಡರು. ಮೂರನೇ ದಿನಕ್ಕೆ 6 ಮಿಲಿಗ್ರಾಂನಲ್ಲಿ ನಿಂತೆವು.

ಚಟಕ್ಕಾದರೆ ದಿನಕ್ಕೊಮ್ಮೆ ಸಾಕು. ನೋವಿನ ಮೇಲೆ ಬ್ಯುಪ್ರೆನಾರ್ಫಿನ್‌ನ ಹಿಡಿತ ಆರೆಂಟು ಗಂಟೆಯದ್ದು ಮಾತ್ರ. ಅದಕ್ಕೇ 6 ಮಿಲಿಗ್ರಾಂ ಅನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎರಡೆರಡಾಗಿ ಹಂಚಿದೆವು. ಸಣ್ಣ ಬದಲಾವಣೆ, ಆದರೆ ಈ ಪ್ರಕರಣದಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಕಡಿಮೆ.

ಎಸಿಟಲೋಪ್ರಾಮ್ ನಿಲ್ಲಿಸಿದೆವು. ನರರೋಗ ತಜ್ಞರ ಸಲಹೆಯಂತೆ, ಇ.ಇ.ಜಿ. ಸರಿಯಿದ್ದುದರಿಂದ, ಫಿಟ್ಸ್ ಮದ್ದನ್ನು ಕೆಲವು ತಿಂಗಳ ಮೇಲೆ ಬಿಡಿಸಿದೆವು. ಟ್ರಮಡಾಲಿನ ಪ್ರಶ್ನೆ ಕೇಳದೆ ಹೋಗಿದ್ದರೆ ವರ್ಷಗಟ್ಟಲೆ ಅಪಸ್ಮಾರದ ರೋಗಿಯಾಗಿ ಉಳಿಯುತ್ತಿದ್ದರು.

ಸೊಂಟ

ನೋವನ್ನು ಬಿಟ್ಟು ಚಟವನ್ನು ಮಾತ್ರ ಹಿಡಿದರೆ ಆಗುವುದೇನೆಂದು ಹಿಂದಿನ ವರ್ಷವೇ ಗೊತ್ತಾಗಿತ್ತು. ಎಂ.ಆರ್.ಐ.ನಲ್ಲಿ ಹಳೆಯ ಮುರಿತ ಕೂಡಿಕೊಂಡಿತ್ತು, ನರದ ಮೇಲೆ ಒತ್ತಡವಿರಲಿಲ್ಲ. ಹಾಗಿದ್ದರೆ ಇಷ್ಟು ನೋವು ಏಕೆ? ಒಂದಿಷ್ಟು ಸ್ನಾಯು ಬಲಹೀನವಾಗಿದ್ದದ್ದು, ಒಂದಿಷ್ಟು ಬಗ್ಗುವ ಭಯ, ಇನ್ನೊಂದಿಷ್ಟು ಮಾತ್ರೆಯದೇ ಕೊಡುಗೆ. ಓಪಿಯಾಯ್ಡನ್ನು ಬಹುಕಾಲ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡವರ ನರವ್ಯೂಹ ನೋವಿಗೆ ಹೆಚ್ಚು ಸೂಕ್ಷ್ಮವಾಗುತ್ತದೆ. ಮಾತ್ರೆ ಬಿಟ್ಟ ಒಂದೆರಡು ತಿಂಗಳಲ್ಲಿ ನೋವು ಕಡಿಮೆಯಾಯಿತು ಎಂದರೆ ರೋಗಿಗಳು ನಂಬುವುದಿಲ್ಲ, ಆದರೆ ಹಲವರಲ್ಲಿ ಆಗುತ್ತದೆ. ದೀರ್ಘಕಾಲದ ಬೆನ್ನುನೋವು, ಕೀಲುಸವೆತದ ನೋವುಗಳಿಗೆ ಓಪಿಯಾಯ್ಡ್ ಬೇರೆ ಮದ್ದುಗಳಿಗಿಂತ ಮೇಲೇನಲ್ಲ ಎಂಬುದನ್ನು 240 ಜನರನ್ನು ಒಂದು ವರ್ಷ ಹಿಂಬಾಲಿಸಿದ ಅಮೆರಿಕದ ಅಧ್ಯಯನವೊಂದು 2018ರಲ್ಲಿ ತೋರಿಸಿತ್ತು.

ಫಿಜಿಯೋಥೆರಪಿಯವರು ಮನೆಯಲ್ಲೇ ಮಾಡುವ ಐದು ವ್ಯಾಯಾಮ ಹೇಳಿಕೊಟ್ಟರು. ನೋವು ಬಂದಾಗ ನಿಲ್ಲಿಸುವುದಲ್ಲ, ಗಡಿಯಾರ ನೋಡಿ ನಿಲ್ಲಿಸುವುದು ಎಂಬುದು ಅವರ ನಿಯಮ. ನೋವಿಗೂ ಬೇಸರಕ್ಕೂ ಆಗುವ ಡುಲಾಕ್ಸೆಟಿನ್ ಕೊಡಬೇಕೆಂದಿತ್ತು, ಆದರೆ ಪಿತ್ತಜನಕಾಂಗ ಸರಿಯಾಗುವವರೆಗೆ ಕಾದೆವು. ಆರು ವಾರಕ್ಕೆ ಎಸ್‌ಜಿಪಿಟಿ ಇಳಿಯಿತು, ಆಮೇಲೆ 30 ಮಿಲಿಗ್ರಾಂ ಶುರು. ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಬೇಡವೆಂದದ್ದು ಯೋಚಿಸಿಯೇ: ಅದರದೇ ಚಟ ಈಗ ಹಬ್ಬುತ್ತಿದೆ, ಓಪಿಯಾಯ್ಡಿನ ಜೊತೆ ಸೇರಿದರೆ ಉಸಿರಿಗೆ ತೊಂದರೆ.

ಕಸುಬಿನ ಪ್ರಶ್ನೆ ಇದ್ದೇ ಇತ್ತು. ಈಚಿನ ವರ್ಷಗಳಲ್ಲಿ ನೆಲದಲ್ಲೇ ನಿಂತು ಕೊನೆ ಕೊಯ್ಯುವ, ಔಷಧಿ ಹೊಡೆಯುವ ಕಾರ್ಬನ್ ಫೈಬರ್ ದೋಟಿ ತೋಟಗಳಿಗೆ ಬಂದಿದೆ. ಮರ ಹತ್ತುವುದು ತಪ್ಪುತ್ತದೆ, ಆದರೆ ಕತ್ತು ಮೇಲೆತ್ತಿ ಉದ್ದದ ದೋಟಿ ಹಿಡಿಯುವುದೂ ಸೊಂಟಕ್ಕೆ ಸುಲಭವಲ್ಲ. ಯಜಮಾನರ ಜೊತೆ ಹೆಂಡತಿಯೇ ಮಾತಾಡಿ, ಆ ವರ್ಷ ಅವರನ್ನು ಅಡಿಕೆ ಬೇಯಿಸುವ, ಒಣಗಿಸುವ ಕೆಲಸಕ್ಕೆ ಹಾಕಿಸಿದರು. ಮುಂಗಡವನ್ನು ಎರಡು ಸೀಸನ್ನಿಗೆ ಹಂಚಿಕೊಳ್ಳಲು ಯಜಮಾನರು ಒಪ್ಪಿದರು. ಕೂಲಿ ಕಡಿಮೆಯಾಯಿತು. ಮರ ಹತ್ತುವವರಿಗಿರುವ ಮರ್ಯಾದೆಯೂ ಕಡಿಮೆಯಾಯಿತು ಎಂದು ಕೊನೆಗಾರರು ಎರಡು ಮೂರು ಭೇಟಿಗಳಲ್ಲಿ ಹೇಳಿದ್ದಾರೆ. ನನ್ನ ಚೀಟಿಯಲ್ಲಿ ಅದಕ್ಕೆ ಮದ್ದಿಲ್ಲ.

ಆಮೇಲೆ

ಬ್ಯುಪ್ರೆನಾರ್ಫಿನ್, ನಾಲಕ್ಸೋನ್ ಮಾತ್ರೆ ಪೇಟೆಯ ಮೆಡಿಕಲ್‌ನಲ್ಲಿ ಸಿಗುವುದಿಲ್ಲ, ವ್ಯಸನ ಚಿಕಿತ್ಸೆ ನಡೆಯುವಲ್ಲಿಂದಲೇ ಒಯ್ಯಬೇಕು. ಎರಡು ಬಸ್ಸು ಬದಲಿಸಿ, ಒಂದು ದಿನದ ಕೂಲಿ ಬಿಟ್ಟು ಬರಬೇಕು. ಮೊದಲು ವಾರಕ್ಕೆ, ಆಮೇಲೆ ಎರಡು ವಾರಕ್ಕೆ ಆಗುವಷ್ಟು ಕೊಟ್ಟೆವು. ಮಧ್ಯೆ ತೊಂದರೆಯಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ಕಿಗೆ ಹೋಗಲು ಹೇಳಿದೆವು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಮತ್ತು ವ್ಯಸನಮುಕ್ತಿ ಸಹಾಯವಾಣಿ 14446, ಎರಡನ್ನೂ ಹೆಂಡತಿಯ ಫೋನಿನಲ್ಲಿ ಬರೆದುಕೊಟ್ಟೆವು. ಪೊಲೀಸರ ಭಯವೂ ಇತ್ತು. ಸೇವನೆಯ ಅಥವಾ ಸಣ್ಣ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ವಿನಾಯಿತಿ ಕೊಡುವ 64ಎ ಎಂಬ ಕಲಮು ಎನ್‌ಡಿಪಿಎಸ್ ಕಾಯ್ದೆಯಲ್ಲೇ ಇದೆ ಎಂದು ಸಮಾಜಕಾರ್ಯಕರ್ತೆ ತಿಳಿಸಿಹೇಳಿದರು.

ಐದನೇ ತಿಂಗಳಲ್ಲಿ ದವಡೆಹಲ್ಲಿನ ನೋವು. ರಾತ್ರಿ ಮೆಡಿಕಲ್‌ಗೆ ಹೋದರೆ ಹಳೆಯ ಅಂಗಡಿಯವನು ಕೇಳದೆಯೇ ಹಳೆಯ ಸ್ಟ್ರಿಪ್ ಕೊಟ್ಟ. ನಾಲ್ಕು ನುಂಗಿದರು. ಬ್ಯುಪ್ರೆನಾರ್ಫಿನ್ ಇದ್ದುದರಿಂದ ಹೆಚ್ಚೇನೂ ಅನಿಸಲಿಲ್ಲ, ಹಲ್ಲುನೋವೂ ಹೋಗಲಿಲ್ಲ. ದಿನಾಂಕಕ್ಕೆ ಕಾಯದೆ ಮೂರನೇ ದಿನವೇ ಬಂದು, "ತಪ್ಪಾಯ್ತು ಡಾಕ್ಟ್ರೇ, ಮದ್ದು ನಿಲ್ಲಿಸ್ತೀರಾ?" ಎಂದು ಕೇಳಿದರು. ಮರುಕಳಿಸಿದಾಗ ಮದ್ದು ನಿಲ್ಲಿಸುವುದು ಶಿಕ್ಷೆ, ಚಿಕಿತ್ಸೆಯಲ್ಲ. ಮಾತ್ರೆ ಮುಂದುವರಿಸಿ, ದಂತವೈದ್ಯರಿಗೆ ತೋರಿಸಲು ಪತ್ರ ಬರೆದುಕೊಟ್ಟೆವು: ಇವರು ಬ್ಯುಪ್ರೆನಾರ್ಫಿನ್‌ನಲ್ಲಿದ್ದಾರೆ, ಟ್ರಮಡಾಲ್ ಬೇಡ, ಐಬುಪ್ರೊಫೆನ್ ಕೊಡಬಹುದು. ಆ ಪತ್ರದ ಲ್ಯಾಮಿನೇಟ್ ಮಾಡಿಸಿದ ಪ್ರತಿ ಈಗ ಪರ್ಸಿನಲ್ಲಿದೆ. ಅಪಘಾತವಾದರೂ ಬೇಕಾಗುತ್ತದೆ.

ಮಲಬದ್ಧತೆ ಇದೆ, ಬೆವರು ಹೆಚ್ಚು. ನೋವು ಹತ್ತಕ್ಕೆ ಎಂಟು ಇದ್ದದ್ದು ಮೂರು ನಾಲ್ಕರ ಸುತ್ತ ಓಡಾಡುತ್ತಿದೆ, ಮೋಡ ಕಟ್ಟಿದ ದಿನ ಐದಾಗುತ್ತದೆ. ಫಿಟ್ಸ್ ಮತ್ತೆ ಬಂದಿಲ್ಲ. ಟ್ರಮಡಾಲ್‌ಗೆಂದೇ ಇರುವ ಮೂತ್ರಪರೀಕ್ಷೆ ಆ ಹಲ್ಲುನೋವಿನ ಸಲ ಬಿಟ್ಟರೆ ನೆಗೆಟಿವ್. ಭಾವ ಈಗಲೂ ಪ್ರತಿ ಭೇಟಿಯಲ್ಲಿ ಕೇಳುವುದು ಒಂದೇ, ಇದನ್ನು ಯಾವಾಗ ನಿಲ್ಲಿಸುತ್ತೀರಿ.

ಒಂದು ವರ್ಷ ದಾಟಿದೆ, ಪ್ರಮಾಣ 4 ಮಿಲಿಗ್ರಾಂಗೆ ಬಂದಿದೆ. ದೀಪಾವಳಿಯೊಳಗೆ ಪೂರ್ತಿ ಬಿಡಬೇಕೆಂದು ಕೊನೆಗಾರರ ಆಸೆ. ಆ ಹೊತ್ತಿಗೆ ಕೊಯ್ಲು ಬಿರುಸಾಗಿರುತ್ತದೆ, ಸೊಂಟ ಕೇಳುವುದಿಲ್ಲ, ಕೊಯ್ಲು ಮುಗಿಯುವವರೆಗೆ ಮುಟ್ಟುವುದೇ ಬೇಡ ಎಂದು ನನ್ನ ವಾದ. ವರ್ಷಗಟ್ಟಲೆ ಇದ್ದರೂ ತಪ್ಪಿಲ್ಲ ಎಂದೂ ಹೇಳಿದ್ದೇನೆ. ಹೆಂಡತಿ ಮೊದಲು ಭಾವನ ಕಡೆಯಿದ್ದವರು, ಈಗ ನನ್ನ ಕಡೆ. ಕೊನೆಗೆ ಮೂವರೂ ಒಂದಕ್ಕೆ ಒಪ್ಪಿದ್ದೇವೆ: ಮುಂದಿನ ಭೇಟಿಯಲ್ಲಿ 0.4ರ ಸಣ್ಣ ಮಾತ್ರೆ ಬಳಸಿ 3.6ಕ್ಕೆ ಇಳಿಸಿ ಒಂದು ತಿಂಗಳು ನೋಡುವುದು, ನಿದ್ದೆ ಕೆಟ್ಟರೆ ಅಥವಾ ಮೆಡಿಕಲ್‌ನ ನೆನಪು ಬರತೊಡಗಿದರೆ ಯಾರನ್ನೂ ಕೇಳದೆ 4ಕ್ಕೆ ಮರಳುವುದು.